ನಾನೂರ ಹದಿನೇಳರ ಹಸ್ತಾಂತರ

“ನಿಮ್ಮ ಅಪ್ಪ ಏನು ಕೆಲಸ ಮಾಡ್ತಿದ್ರು?”

“ಗಡಿಯಾರ ರಿಪೇರಿ.”

“ಅಕ್ಕನನ್ನ ಮನೇಲಿ ಏನಂತ ಕರೀತಿದ್ರಿ?”

“ಪುಟ್ಟಕ್ಕ. ಈಗ ಎರಡು ಮಕ್ಕಳಂತೆ. ಅಮ್ಮ ಕಾಗದ ಬರೆದಿದ್ರು.”

ವಕೀಲೆ ಪೆನ್ನು ಕೆಳಗಿಟ್ಟಳು. “ಎಲ್ಲಾ ಪಾಠ ಒಪ್ಪಿಸಿದ ಹಾಗೆ ಹೇಳ್ತೀರಲ್ಲ?”

“ಒಳಗೆ ನೆನೆಸಿಕೊಳ್ಳೋಕೆ ಬೇರೇನಿತ್ತು ಮೇಡಂ?”

ಕಿಟಕಿಯ ಬಳಿ ನಿಂತಿದ್ದ ಜೈಲು ಸೂಪರಿಂಟೆಂಡೆಂಟ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ತಲೆಯ ಮೇಲೆ ಫ್ಯಾನು ಜೋರಾಗಿಯೇ ತಿರುಗುತ್ತಿತ್ತು.

ಅಕ್ಕಪಕ್ಕದ ಎರಡು ದೇಶಗಳು ಕೊನೆಗೂ ಒಪ್ಪಂದಕ್ಕೆ ಬಂದಿದ್ದವು. ಪರದೇಶದ ಕೈದಿಗಳು ಉಳಿದ ಶಿಕ್ಷೆಯನ್ನು ತಮ್ಮ ದೇಶದಲ್ಲೇ ಮುಗಿಸಬಹುದು. ಶಿಕ್ಷೆ ಅರ್ಧ ದಾಟಿದ್ದರೆ ಗಡಿಯಲ್ಲೇ ಬಿಡುಗಡೆ. ಎಲ್ಲವೂ ಎಂಟು ದೇಶಗಳ ಸಮಿತಿಯ ಕಣ್ಣೆದುರಿಗೇ ನಡೆಯಬೇಕು. ವಕೀಲೆ ಆ ಸಮಿತಿಯವಳು. ಮೊದಲ ಪಟ್ಟಿಯಲ್ಲಿ ಆರು ಜನರಿದ್ದರು. ಕೊನೆಯವನು ಕೈದಿ ನಂಬರ್ ನಾನೂರ ಹದಿನೇಳು.

ಕಡತದ ಪ್ರಕಾರ ಅವನೊಬ್ಬ ಲಾರಿ ಡ್ರೈವರ್. ಇಪ್ಪತ್ತೆರಡನೇ ವಯಸ್ಸಿನಲ್ಲಿ ದಾರಿ ತಪ್ಪಿ ಗಡಿ ದಾಟಿದ. ಎರಡೂ ಕಡೆ ಆಡುವ ಮಾತು ಒಂದೇ ಆದದ್ದರಿಂದ ಬೋರ್ಡು ಕಾಣುವವರೆಗೆ ಗೊತ್ತಾಗಲಿಲ್ಲ. ಗೂಢಚಾರ ಎಂದು ಇಪ್ಪತ್ತು ವರ್ಷ ಹಾಕಿದರು. ಹನ್ನೊಂದು ಕಳೆದಿತ್ತು.

ಬೆರಳಚ್ಚಿನ ದಫ್ತರವನ್ನು ಗೆದ್ದಲು ತಿಂದಿದೆ ಎಂದು ಸೂಪರಿಂಟೆಂಡೆಂಟ್ ಬರೆದುಕೊಟ್ಟಿದ್ದ. ಉಳಿದದ್ದು ಒಂದೇ ಫೋಟೊ. ಅದರಲ್ಲಿ ಮೀಸೆ ಚಿಗುರಿದ ತೆಳ್ಳನೆಯ ಹುಡುಗ ನಗುತ್ತಿದ್ದ. ಎದುರಿಗೆ ಕೂತವನ ಮೂಗು ಸೊಟ್ಟಗಾಗಿತ್ತು, ಮುಂದಿನ ಹಲ್ಲುಗಳಿರಲಿಲ್ಲ, ತಲೆ ಅರ್ಧ ಬೋಳು.

“ಮೂಗಿಗೆ ಏನಾಯ್ತು?”

“ಬಿದ್ದೆ. ಮೆಟ್ಟಿಲ ಮೇಲೆ.”

ಆ ಜೈಲಿನಲ್ಲಿ ಮೆಟ್ಟಿಲೇ ಇರಲಿಲ್ಲ. ವಕೀಲೆ ಅದನ್ನೂ ಬರೆದುಕೊಂಡಳು.

“ಅಮ್ಮ ಯಾವತ್ತಾದ್ರೂ ಹೊಡೆದಿದ್ರಾ?”

ಈ ಪ್ರಶ್ನೆಗೆ ಅವನು ತುಸು ತಡವರಿಸಿದ. “ಒಂದೇ ಸಲ. ಅಪ್ಪ ಹೋದ ವರ್ಷ. ಸ್ಕೂಲು ಬಿಡ್ತೀನಿ ಅಂದಿದ್ದಕ್ಕೆ. ಹೊಡೆದು, ಆಮೇಲೆ ಅವರೇ ಅತ್ತರು.”

ವಕೀಲೆ ಹಾಳೆ ತಿರುವಿದಳು.

“ನಿಮ್ಮ ಕೋಣೇಲಿ ಇನ್ನೊಬ್ಬ ಕೈದಿ ಇದ್ದನಲ್ಲ? ಈ ಊರಿನವನೇ. ಏಳು ವರ್ಷದ ಹಿಂದೆ ಜ್ವರದಲ್ಲಿ ಸತ್ತ ಅಂತಿದೆ.”

“ಹೌದು ಮೇಡಂ.”

“ಅವನ ಕಡೆಯವರು ಯಾರೂ ಬರಲಿಲ್ವಾ?”

“ಅವನಿಗೆ ಯಾರೂ ಇರಲಿಲ್ಲ.”

“ಹೇಗಿದ್ದ? ಒಳ್ಳೆಯವನಾ?”

ಅವನು ತನ್ನ ಅಂಗೈಯನ್ನು ನೋಡಿಕೊಂಡ. “ಗೊತ್ತಿಲ್ಲ ಮೇಡಂ. ಇದುವರೆಗೆ ಯಾರೂ ಕೇಳಿರಲಿಲ್ಲ.”

ವಕೀಲೆ ಕಡತ ಮುಚ್ಚಿದಳು. “ಗುರುವಾರ ಗಡಿಯಲ್ಲಿ ನಿಮ್ಮ ತಾಯಿ ನಿಮ್ಮನ್ನ ಗುರುತಿಸಿ ಸಹಿ ಹಾಕಬೇಕು. ಅವರು ಇಲ್ಲ ಅಂದ್ರೆ ನನ್ನ ಕೈಲೂ ಏನೂ ಆಗಲ್ಲ. ವಾಪಸ್ ಇಲ್ಲಿಗೇ.”

ಆಕೆ ಹೋದ ಮೇಲೆ ಸೂಪರಿಂಟೆಂಡೆಂಟ್ ಅವನ ಹೆಗಲ ಮೇಲೆ ಕೈಯಿಟ್ಟ. ಆ ಕೈ ಬಿದ್ದರೆ ಅವನ ಮೈ ತಾನಾಗಿಯೇ ಮುದುಡುತ್ತಿತ್ತು.

“ಏಳು ವರ್ಷದಿಂದ ಬಾಯಿ ಮುಚ್ಚಿಕೊಂಡಿದ್ದೀಯ. ಗುರುವಾರ ಒಂದು ದಿನ ಮುಚ್ಚಿಕೊಂಡಿರು. ಆ ಮುದುಕಿ ಮನಸ್ಸಿಗೆ ನೋವಾಗೋ ಮಾತು ಯಾಕೆ? ವಾಪಸ್ ಬಂದ್ರೆ ಮಾತ್ರ ನಿನ್ನ ಕಥೆ ಅಷ್ಟೇ.”

ಗಡಿಯ ತಪಾಸಣಾ ಕಟ್ಟಡದಲ್ಲಿ ಸುಣ್ಣದ ಹಸಿ ವಾಸನೆಯಿತ್ತು. ಉದ್ದನೆಯ ಮೇಜು, ಮೂರು ಭಾಷೆಗಳ ನಮೂನೆ, ಎರಡೂ ಕಡೆಯ ಅಧಿಕಾರಿಗಳು, ಗೋಡೆಯ ಉದ್ದಕ್ಕೂ ಕ್ಯಾಮೆರಾದವರು. ಐದು ಜನ ಐದು ಅಪ್ಪುಗೆಗಳಲ್ಲಿ ಸೇರಿಹೋದರು. ಇವನ ಕಾಲು ಮಾತ್ರ ನೆಲದ ಮೇಲೆ ಬಳಿದ ಗಡಿ ಗೆರೆಯ ಹತ್ತಿರ ಬಂದು ನಿಂತುಬಿಟ್ಟಿತು.

ಮೇಜಿನ ಆ ಬದಿಯಲ್ಲಿ ಆ ತಾಯಿ ಇದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ. ಸೋಡಾಪುಡಿ ತಿಂದ ಬೆರಳುಗಳು ಬೆಳ್ಳಗೆ ಸಿಪ್ಪೆ ಎದ್ದಿದ್ದವು. ಹನ್ನೊಂದು ವರ್ಷ ಆಕೆ ಹತ್ತದ ಕಚೇರಿಯಿಲ್ಲ. ಈ ಒಪ್ಪಂದಕ್ಕಾಗಿ ಸಮಿತಿಯ ಬಾಗಿಲನ್ನು ಮೊದಲು ತಟ್ಟಿದವಳೂ ಆಕೆಯೇ.

“ನಿಧಾನವಾಗಿ ನೋಡಿ ಅಮ್ಮ,” ಎಂದ ಅಧಿಕಾರಿ. “ಅನುಮಾನ ಇದ್ರೆ ಹೇಳಿಬಿಡಿ.”

ಆಕೆ ನೋಡಿದಳು. ಹುಬ್ಬು, ಕಿವಿ, ಹಲ್ಲಿಲ್ಲದ ಬಾಯಿ. ಎದ್ದು ಬಂದು ಸೊಟ್ಟ ಮೂಗನ್ನು ಬೆರಳಿಂದ ಸವರಿದಳು. ಅವನು ಕಣ್ಣು ಮುಚ್ಚಿಕೊಂಡ. ಈ ಮುಖ ನೋಡಿ ಯಾವ ತಾಯಿ ತಾನೇ ಹೂಂ ಅಂದಾಳು?

“ಇವನೇ,” ಎಂದಳು ಆಕೆ. “ನನ್ನ ಮಗ. ನಾನು ಹೆತ್ತಿದ್ದು ನನಗೆ ಗೊತ್ತಾಗಲ್ವಾ?”

ಮೂರು ಕಡೆ ಸಹಿ ಹಾಕಿದಳು. ಅವನು ಗೋಡೆ ಹಿಡಿದು ಬಿಕ್ಕಿಬಿಕ್ಕಿ ಅತ್ತ. ಕ್ಯಾಮೆರಾದವರಿಗೆ ಬೇಕಾದದ್ದು ಸಿಕ್ಕಿತು. ಗೆರೆಯ ಆಚೆ ನಿಂತ ಸೂಪರಿಂಟೆಂಡೆಂಟ್ ಉಸಿರುಬಿಟ್ಟು ಟೋಪಿ ಸರಿಮಾಡಿಕೊಂಡ.

ಗೇಟು ದಾಟಿ, ಜನವೆಲ್ಲ ಹಿಂದೆ ಉಳಿಯುವವರೆಗೆ ಆಕೆ ಅವನ ಕೈ ಬಿಡಲಿಲ್ಲ. ಸಮಿತಿಯ ಬಿಳಿ ವ್ಯಾನು ರಸ್ತೆಯ ಬದಿಗೆ ನಿಂತಿತ್ತು. ಒಳಗೆ ವಕೀಲೆ ಹೊಸ ಹಾಳೆ ತೆರೆದು ಕೂತಿದ್ದಳು. ಆ ತಾಯಿ ವ್ಯಾನಿನ ಬಾಗಿಲಿಗೆ ಕೈಯಿಟ್ಟು ಅವನತ್ತ ತಿರುಗಿದಳು.

“ಏಳು ವರ್ಷದ ಹಿಂದೆ ನನ್ನ ಮಗನ ಕಾಗದದ ಅಕ್ಷರ ಬದಲಾಯ್ತು. ಅವನು ಇಲ್ಲ ಅಂತ ಅವತ್ತೇ ಗೊತ್ತಾಯ್ತು. ನಾನು ಬಾಯಿ ಬಿಟ್ಟಿದ್ರೆ ಅವನ ಹೆಸರಲ್ಲಿ ಬರೀತಿದ್ದ ನಿನ್ನನ್ನೂ ಮುಗಿಸ್ತಿದ್ರು.”

ಅವನು ಆಕೆಯತ್ತ ತಿರುಗಿದ. “ಜ್ವರದಲ್ಲಿ ಸತ್ತ ಅಂತ ಬರೆಸಿದ್ದು ನನ್ನ ಹೆಸರು, ಅಮ್ಮ. ಪರದೇಶದವನು ಸತ್ತ ಅಂದ್ರೆ ಲೆಕ್ಕ ಕೊಡಬೇಕಲ್ಲ, ಅವನ ನಂಬರು ನನಗೆ ಹಾಕಿದ್ರು.”

“ಈಗ ನೀನು ಅವರ ಕೈಗೆ ಸಿಗಲ್ಲ,” ಎಂದಳು ಆಕೆ. “ವ್ಯಾನು ಹತ್ತು. ಹತ್ತಿ ಈ ಮೇಡಂಗೆ ಹೇಳಪ್ಪ, ನನ್ನ ಮಗನನ್ನ ಕೊಂದೋರು ಯಾರು?”