ಅರಗಿಣಿಗೆ ಯೂರಿಯಾ

ಕಂಪ್ಯೂಟರಿಗೆ ಹೊಸ ಫ್ಲಾಪಿ ಹಾಕಿದ ದಿನವೇ ವೆಂಕಮ್ಮನಿಗೆ ಯೂರಿಯಾ ಸಿಗಲಿಲ್ಲ. ಅರಳಸುರಳಿಯಿಂದ ಮೊದಲ ಬಸ್ಸಿಗೆ ಬಂದು, ತೀರ್ಥಹಳ್ಳಿಯ ಗೊಬ್ಬರದ ಸಂಘದಲ್ಲಿ ಎಲ್ಲರಿಗಿಂತ ಮುಂಚೆ ಹೆಸರು ಬರೆಸಿದ್ದಳು. ಕರೆದದ್ದು ಎಲ್ಲರಿಗಿಂತ ಕೊನೆಗೆ. ಅಷ್ಟರಲ್ಲಿ ಗೋದಾಮು ಖಾಲಿ.

“ಎಂತ ಮಾರಾಯ್ತಿ ಇದು? ಇಷ್ಟು ದಿನ ಬಂದೋರನ್ನ ಬಂದ ಹಾಗೇ ಕರೀತಿದ್ದೆಯಲ್ಲ!” ಕಿಟಕಿಯ ಸರಳು ಹಿಡಿದು ಕೇಳಿದಳು.

ಕಂಪ್ಯೂಟರ್ ನಡೆಸುವ ಶರಾವತಿ ಪಕ್ಕದಲ್ಲಿದ್ದ ಚಂದ್ರಯ್ಯನ ಮುಖ ನೋಡಿದಳು. ಪ್ರೋಗ್ರಾಂ ಮಾರಿದ ಬೆಂಗಳೂರಿನ ಕಂಪನಿಯವನು ಅವನು. ಅವರ ಪ್ರೋಗ್ರಾಂ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಜೋಡಿಸುತ್ತಿತ್ತು. ಎ ಮೊದಲು, ವಿ ಎಲ್ಲೋ ಕೊನೆಗೆ. ಶರಾವತಿ ಆ ಪ್ರೋಗ್ರಾಮಿಗೆ ತಾನೇ ಬರೆದ ನಾಲ್ಕು ಸಾಲು ಕೋಡ್ ಸೇರಿಸಿ, ಬಂದ ಸರದಿಯಲ್ಲೇ ಕರೆಯುವ ಹಾಗೆ ಮಾಡಿಕೊಂಡಿದ್ದಳು. ಹಳೆಯದು ಬಿಲ್ಲಿನ ನಡುವೆ ನಿಂತುಬಿಡುತ್ತದೆಂದು ಕಂಪನಿ ಈಗ ಹೊಸ ಪ್ರೋಗ್ರಾಂ ಕಳಿಸಿತ್ತು. ಹಳೆಯದರ ಜೊತೆ ಅವಳ ಸಾಲುಗಳೂ ಅಳಿಸಿಹೋಗಿದ್ದವು.

“ನನ್ನ ಸಾಲು ಬೇರೆ ಫ್ಲಾಪೀಲಿ ಇಟ್ಕೊಂಡಿದೀನಿ ಸಾರ್. ಹೊಸದಕ್ಕೂ ಸೇರಿಸ್ಲಾ?”

“ಬೇಡಮ್ಮ! ನೀವು ಕೈ ಹಾಕಿದ್ರೆ ಆಮೇಲೆ ಕೆಟ್ಟಾಗ ಕಂಪನಿ ರಿಪೇರಿ ಮಾಡಲ್ಲ. ನನ್ನ ಕೆಲಸಕ್ಕೂ ಕುತ್ತು,” ಎಂದ ಚಂದ್ರಯ್ಯ.

ಎ ಅಕ್ಷರದವರಿಗೇ ಮೊದಲ ಕರೆ ಎಂದು ಶರಾವತಿಯಿಂದ ತಿಳಿದುಕೊಂಡ ವೆಂಕಮ್ಮ, “ಹೆಸರು ತಿದ್ದಬಹುದಾ?” ಎಂದಳು.

“ಓ, ಅದಕ್ಕೇನು, ಧಾರಾಳವಾಗಿ,” ಎಂದ ಚಂದ್ರಯ್ಯ.

“ಹಂಗಾರೆ ಅರಗಿಣಿ ಅಂತ ಬರ್ಕೋ.”

ಶರಾವತಿ ನಗು ನುಂಗಿಕೊಂಡು ಟೈಪ್ ಮಾಡಿದಳು.

ಮುಂದಿನ ಲೋಡು ಬಂದಾಗ ಮೊದಲ ಕರೆ ಅರಗಿಣಿಗೆ. ಅರವತ್ತು ದಾಟಿದ ವೆಂಕಮ್ಮ ಸೆರಗು ಕೊಡವಿ ಗತ್ತಿನಿಂದ ನಡೆದದ್ದನ್ನು ಸಾಲಿನವರೆಲ್ಲ ನೋಡಿದರು. ಅದರ ಮುಂದಿನ ಲೋಡಿಗೆ ಹೂವಪ್ಪ ಅರವಿಂದನಾಗಿದ್ದ, ಗುತ್ಯಪ್ಪ ಅರ್ಜುನನಾಗಿದ್ದ. ದುಗ್ಗಪ್ಪ ಏನೂ ಹೊಳೆಯದೆ ‘ಅಯ್ಯೋ ದುಗ್ಗಪ್ಪ’ ಎಂದು ಬರೆಸಿದ್ದ. ಅಪ್ಪ ಇಟ್ಟ ಹೆಸರು ಬಿಡೆನೆಂದ ಭೂತಪ್ಪ ಮಾತ್ರ ಹಿಂದೆ ಬಿದ್ದು, ಖಾಲಿ ಚೀಲ ಝಾಡಿಸುತ್ತ ನಿಂತ.

ಹೊಸ ಪ್ರೋಗ್ರಾಂ ಹೇಗಿದೆ ಎಂದು ನೋಡಲು ಬಂದಿದ್ದ ಚಂದ್ರಯ್ಯನೇ ಅಂದು ಹೆಸರು ಕೂಗುತ್ತಿದ್ದ. “ಅಯ್ಯೋ ದುಗ್ಗಪ್ಪ!” ಎಂದು ಕೂಗಿದ. ನಾಚಿಕೊಂಡ ದುಗ್ಗಪ್ಪ ಮುಂದೆ ಬರಲಿಲ್ಲ. ಇನ್ನಷ್ಟು ಜೋರಾಗಿ ಕೂಗಿದ. ಹೊರಗೆ ನಗೆಯೋ ನಗೆ. ಅವನಿಗೂ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಕುರ್ಚಿ ಬಿಟ್ಟೆದ್ದ.

“ಎಲ್ಲಿದೆಯಮ್ಮ ನಿನ್ನ ಫ್ಲಾಪಿ? ಸೇರಿಸು. ಕಂಪನಿಗೆ ನಾನು ಹೇಳ್ಕೊತೀನಿ. ಮುಂದಿನ ಸಲ ನಿನ್ನ ಸಾಲು ಅಲ್ಲಿಂದಲೇ ಸೇರಿಕೊಂಡು ಬರ್ಲಿ.”

ಶರಾವತಿ ತನ್ನ ಸಾಲು ಸೇರಿಸಿದ ಮೇಲೆ ಬಿಲ್ಲೂ ನಿಲ್ಲಲಿಲ್ಲ, ಸರದಿಯೂ ತಪ್ಪಲಿಲ್ಲ. ಇನ್ನು ಹೆಸರುಗಳನ್ನು ಮೊದಲಿನಂತೆ ಮಾಡುವ ಕೆಲಸ. ಒಬ್ಬೊಬ್ಬರೇ ನಾಚಿಕೊಳ್ಳುತ್ತ ಕಿಟಕಿಗೆ ಬಂದರು. ಅರ್ಜುನ ಗುತ್ಯಪ್ಪನಾದ, ಅರವಿಂದ ಹೂವಪ್ಪನಾದ. ವೆಂಕಮ್ಮ ಬಂದಾಗ ಶರಾವತಿ, “ನಿಮ್ಮದನ್ನೂ ವೆಂಕಮ್ಮ ಅಂತ ಮಾಡ್ಲಾ?” ಎಂದಳು.

“ಬ್ಯಾಡ. ಹುಟ್ಟಿದಾಗ ಅಪ್ಪ ಒಂದು ಇಟ್ಟ. ಮದುವೇಲಿ ಗಂಡನ ಮನೆಯೋರು ಅದನ್ನ ಅಳಿಸಿ ವೆಂಕಮ್ಮ ಅಂದ್ರು. ನನ್ನ ಯಾರೂ ಕೇಳ್ಲಿಲ್ಲ. ಇದೊಂದು ನಾನೇ ಇಟ್ಕೊಂಡಿದ್ದು. ಇರ್ಲಿ ಬಿಡು.”