ಎರಡು ಹಲ್ಲಿನ ತಪ್ಪು

ಗಾಡಿ ಮತ್ತೆ ಬಂತು. ಬಂತು ಎಂದರೆ ಓಡಿಕೊಂಡು ಬರಲಿಲ್ಲ. ಗಡಿಯಾರ ರಿಪೇರಿ ಅಂಗಡಿಯ ಹುಡುಗಿ ಅದನ್ನು ತಳ್ಳಿಕೊಂಡು ಬಂದಳು. ತಳ್ಳಿದ ದಣಿವಿಗೆ ಅವಳ ಮುಖ ಕೆಂಪಾಗಿತ್ತು. ಮೆಕ್ಯಾನಿಕ್ಕನ ಮುಖ ಸುಣ್ಣ ಬಳಿದ ಹಾಗಾಯಿತು.

ಇದು ನಾಲ್ಕನೆಯ ಸಲ. ಕಳೆದ ವಾರವಷ್ಟೇ ಅವನು ರಸ್ತೆಯ ನಡುವೆ ನಿಂತು, ಎದುರಂಗಡಿಯ ಮೆಕ್ಯಾನಿಕ್, ಊರೆಲ್ಲ 'ಮೀಸೆ' ಎಂದೇ ಕರೆಯುವವನಿಗೆ, ಕೇಳುವಂತೆ ಕೂಗಿದ್ದ: "ಈ ಗಾಡಿಯ ಕ್ಯಾಮ್ ಚೈನ್ ಇನ್ನೊಂದ್ಸಲ ತಪ್ಪಿದ್ರೆ ನನ್ನ ಬೋರ್ಡು ಇಳಿಸಿ, ನಿನ್ನ ಅಂಗಡೀಲಿ ಸ್ಪ್ಯಾನರ್ ಒರೆಸ್ಕೊಂಡು ಇರ್ತೀನಿ!" ಆ ಕೂಗಿಗೆ ಹಾರಿಹೋದ ಕಾಗೆಗಳು ಇನ್ನೂ ವಾಪಸು ಬಂದಿಲ್ಲ. ಮೀಸೆ ಈಗ ಏಣಿ ಹೊತ್ತುಕೊಂಡೇ ರಸ್ತೆ ದಾಟಿದ.

ನಮ್ಮ ಮೆಕ್ಯಾನಿಕ್ಕನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಿವಿಯಣ್ಣ ಎಂದು. ಸುಮ್ಮನೆ ಬಂದ ಹೆಸರಲ್ಲ. ನಾಲ್ಕು ಬೀದಿ ಆಚೆ ಒಂದು ವಾಲ್ವ್ ಸೀನಿದರೆ ಅವನು ಇಲ್ಲಿಂದಲೇ ಔಷಧ ಹೇಳುತ್ತಿದ್ದ. ಆದರೆ ಆ ಹುಡುಗಿ ಎದುರು ಕೂತರೆ ಅಂಥ ಕಿವಿಯೂ ಕೆಂಪಾಗುವುದು ಬಿಟ್ಟು ಬೇರೆ ಕೆಲಸ ಮಾಡುತ್ತಿರಲಿಲ್ಲ. ಅವಳೇನು ಸಾಮಾನ್ಯಳೇ? ಅವಳ ಬೆರಳು ತಾಕಿದರೆ ಸತ್ತ ಗಡಿಯಾರವೂ ಎದ್ದು ಕೂತು ಹನ್ನೆರಡು ಹೊಡೆಯುತ್ತಿತ್ತು. ಬಂದಾಗಲೆಲ್ಲ ಸ್ಟೂಲಿನ ಮೇಲೆ ಕೂತು ಎರಡೆರಡು ತಾಸು ಅವನ ಕೆಲಸ ನೋಡುತ್ತಿದ್ದಳು. ಅವನು ಈವರೆಗೆ ಅವಳೊಡನೆ ಆಡಿದ್ದು ಒಟ್ಟು ಆರು ಮಾತು. ಆರೂ ಎಂಜಿನ್ ಆಯಿಲ್ ಬಗ್ಗೆ.

"ಏನಾಯ್ತು?" ಎಂದು ಕೇಳಿದ. ಕೇಳಿದ್ದು ಗಾಡಿಯನ್ನು.

"ಸ್ಟಾರ್ಟೇ ಆಗ್ತಿಲ್ಲ," ಎಂದು ಗಾಡಿಯ ಪರವಾಗಿ ಅವಳೇ ಹೇಳಿದಳು.

ಕಿಕ್ ಹೊಡೆದ. ಎಂಜಿನ್ ಫಟ್ಟೆಂದು ಕೆಮ್ಮಿ ಅವನ ಕಾಲಿಗೇ ತಿರುಗಿ ಒದೆಯಿತು.

ಮುಚ್ಚಳ ಬಿಚ್ಚಿದ. ಕೆಳಗೆ ಪಿಸ್ಟನ್ ಕುಣಿಯುವ ತಾಳಕ್ಕೆ ಸರಿಯಾಗಿ ಮೇಲೆ ವಾಲ್ವುಗಳು ಬಾಯಿ ತೆರೆದು ಮುಚ್ಚಬೇಕು. ಟೈಮಿಂಗ್ ಎನ್ನುವ ಆ ತಾಳವನ್ನು ಮೇಲಕ್ಕೆ ಮುಟ್ಟಿಸುವುದು ಕ್ಯಾಮ್ ಚೈನ್. ಹಲ್ಲುಚಕ್ರದ ಮೇಲೆ ಅದು ಒಂದು ಹಲ್ಲು ತಪ್ಪಿ ಕೂತರೆ ಗಾಡಿ ಏದುಸಿರು ಬಿಡುತ್ತಾ ಓಡುತ್ತದೆ. ಎರಡು ಹಲ್ಲು ತಪ್ಪಿದರೆ ಓಡುವ ಮಾತೇ ಇಲ್ಲ.

ಎರಡು ತಪ್ಪಿತ್ತು.

ಮೊದಲ ಸಲ ಚೈನ್ ನಿಜಕ್ಕೂ ಸಡಿಲಾಗಿ, ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಸದ್ದು ಮಾಡುತ್ತಿತ್ತು, ಹೊಸದು ಹಾಕಿದ್ದ. ಎರಡನೆಯ ಸಲ ಎರಡು ಹಲ್ಲು ತಪ್ಪಿತ್ತು; ಚೈನನ್ನು ಬಿಗಿ ಹಿಡಿಯುವ ಟೆನ್ಷನರನ್ನೇ ಬದಲಿಸಿದ್ದ. ಮೂರನೆಯ ಸಲವೂ ಎರಡೇ. ಆಗ ಗುರುತಿಗೆ ಗುರುತು ಕೂಡಿಸಿ, ಮುಚ್ಚಳದ ಬೋಲ್ಟುಗಳ ಮೇಲೆ ಹಳದಿ ಬಣ್ಣದ ಗೆರೆ ಎಳೆದು, ಒಂದು ಸುತ್ತು ಓಡಿಸಿ, ಗಾಡಿ ಬೆಣ್ಣೆಯಂತೆ ಜಾರಿದ ಮೇಲೇ ಊಟಕ್ಕೆ ಎದ್ದಿದ್ದ. "ನೀ ಹೋಗಿ ಉಂಡು ಬಾ, ಗಾಡಿ ನಾನು ಕೊಡ್ತೀನಿ," ಎಂದಿದ್ದಳು ಅಮ್ಮ, ಎಂದಿನಂತೆ ಬಾಗಿಲ ಪಕ್ಕದ ಕುರ್ಚಿಯಿಂದ. ಗಂಡ ಈ ಅಂಗಡಿ ನಡೆಸುತ್ತಿದ್ದ ಕಾಲದಿಂದಲೂ ಅವಳ ಸಿಂಹಾಸನ ಅದೇ. ಅವನು ಉಂಡು ಬರುವಷ್ಟರಲ್ಲಿ ಗಾಡಿ ಹೋಗಿತ್ತು. ಅಮ್ಮ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಳು.

ಈಗ ನೋಡಿದರೆ ಹಳದಿ ಗೆರೆಗಳೆಲ್ಲ ಒಡೆದಿದ್ದವು. ಚೈನ್ ತಾನಾಗಿ ಜಾರಿದ್ದಲ್ಲ. ಯಾರೋ ಬಿಚ್ಚಿದ್ದಾರೆ!

"ನೀನೇ!" ಎಂದು ಮೀಸೆಯ ಕೊರಳಪಟ್ಟಿಗೆ ಕೈ ಹಾಕಿದ.

"ನಾನಾ? ನಿನ್ನ ಅಂಗಡಿ ಹೊಸ್ತಿಲು ತುಳಿದಿದ್ದೇ ಇವತ್ತು ಕಣಯ್ಯಾ, ಅದೂ ಬೋರ್ಡ್ ಇಳಿಸೋ ಸಂಭ್ರಮಕ್ಕೆ. ಏಣಿ ಹತ್ತೋದು ನೀನೋ, ನಾನೋ?"

ಕಿವಿಯಣ್ಣನೇ ಹತ್ತಿದ. ಮಾತು ಎಂದರೆ ಮಾತು. ಅಪ್ಪ ಕೈಯಾರೆ ಬರೆದ ಬೋರ್ಡು. ಒಂದು ನಟ್ ಬಿಚ್ಚಿದ. ಎರಡು. ಮೂರನೆಯದಕ್ಕೆ ಬೋರ್ಡು ವಾಲಿತು. ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿಯಿತು.

"ನಿಲ್ಸೋ!" ಅಮ್ಮ ಕುರ್ಚಿಯಿಂದ ಎದ್ದಳು. "ಬಿಚ್ಚಿದ್ದು ನಾನು ಕಣೋ."

ಏಣಿ ನಡುಗಿತು.

"ಹಂಗೇನ್ ನೋಡ್ತೀಯ? ನಿಮ್ಮಪ್ಪನ ಕಣ್ಣು ಮಂಜಾದ್ಮೇಲೆ ಹತ್ತು ವರ್ಷ ಇಲ್ಲಿ ಟೈಮಿಂಗ್ ಕೂರಿಸಿದ್ದೆಲ್ಲಾ ನಾನೇ. ನಿಂಗೆ ಮೂವತ್ನಾಲ್ಕು ಆಯ್ತು, ಎಂಜಿನ್ ಬಿಟ್ರೆ ಯಾರ ಹತ್ರನೂ ಬಾಯಿ ಬಿಡಲ್ಲ. ಈ ಹುಡುಗಿ ನಾಲ್ಕು ಸಲ ಜಾಸ್ತಿ ಬಂದ್ರೆ ಒಂದು ಮಾತಾದ್ರೂ ಆಡ್ತೀಯೇನೋ ಅಂತ... ನೀನು ಊಟಕ್ಕೆ ಹೋದಾಗ..."

ಮೀಸೆ ನಕ್ಕ ಅಬ್ಬರಕ್ಕೆ ಬೋರ್ಡು ಇನ್ನೊಂದು ಗೇಣು ವಾಲಿತು. ಕಿವಿಯಣ್ಣನ ಕಿವಿಗಳಲ್ಲಿ ಆಗ ರೊಟ್ಟಿ ಬೇಯಿಸಬಹುದಿತ್ತು. ಆದರೂ ಮೆಕ್ಯಾನಿಕ್ ಮೆಕ್ಯಾನಿಕ್ಕೇ.

"ಅಲ್ಲಮ್ಮಾ, ಸರಿಸೋದು ಸರಿಸ್ತೀಯ, ಎರಡು ಹಲ್ಲು ಸರಿಸೋದಾ? ವಾಲ್ವ್ ಬಾಗಿಹೋಗಿದ್ರೆ?"

"ಎರಡಾ?" ಅಮ್ಮನಿಗೆ ಸಿಟ್ಟೇ ಬಂತು. "ನಂಗೇನ್ ತಲೆ ಕೆಟ್ಟಿದ್ಯಾ? ಪಾಪ, ಹುಡುಗಿ ಓಡಿಸ್ಕೊಂಡೇ ಬರ್ಲಿ ಅಂತ ಎಣಿಸಿ ಒಂದೇ ಒಂದು ಹಲ್ಲು ಸರಿಸಿದ್ದು. ಪ್ರತಿ ಸಲವೂ ಒಂದೇ!"

ಮೊದಲು ಅಮ್ಮನ ತಲೆ ಹುಡುಗಿಯ ಕಡೆ ತಿರುಗಿತು, ಆಮೇಲೆ ಮೀಸೆಯದು, ಕೊನೆಗೆ ಏಣಿಯ ಮೇಲಿಂದ ಕಿವಿಯಣ್ಣನದು.

"ಒಂದು ಹಲ್ಲಿಗೆ ಗಾಡಿ ಹೆಂಗೋ ಓಡ್ತಾನೇ ಇತ್ತು ಅತ್ತೆ," ಎಂದಳು ಹುಡುಗಿ, ಸ್ಟೂಲ್ ಎಳೆದುಕೊಂಡು ಕೂರುತ್ತಾ, "ಅದಕ್ಕೇ ಇನ್ನೊಂದು ನಾನು ಸರಿಸಿದೆ."