ಆಪರೇಷನ್ ದಿನ ಕೊಟ್ಟ ಪೇಡೆ

ಹುಬ್ಬಳ್ಳಿಯಲ್ಲಿ ಒಬ್ಬ ಉದ್ಯಮಿ ಇದ್ದರು. ಪ್ರತಿ ವರ್ಷವೂ ಬಡ ಕುಟುಂಬದ ಒಂದು ಮಗುವಿನ ಹೃದಯ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಪೂರ್ತಿಯಾಗಿ ಅವರೇ ಭರಿಸುತ್ತಿದ್ದರು.

ಅದುವರೆಗೆ ಚೆಕ್ ಕಳುಹಿಸಿ ಸುಮ್ಮನಾಗುತ್ತಿದ್ದವರಿಗೆ, ಆ ವರ್ಷ ಮಗುವನ್ನು ಕಣ್ಣಾರೆ ಕಾಣಬೇಕೆನಿಸಿತು...

ಆ ವರ್ಷದ ಮಗುವಿನ ಹೆಸರು ಭಾಗೀರತಿ. ಏಳು ವರ್ಷ. ಹುಟ್ಟಿನಿಂದಲೇ ಹೃದಯದಲ್ಲೊಂದು ರಂಧ್ರ. ಮೆಟ್ಟಿಲು ಹತ್ತಿದರೆ ಏದುಸಿರು.

ತಾಯಿ ದ್ಯಾಮವ್ವ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವವಳು. ಮನೆಯಲ್ಲಿ ಇವರಿಬ್ಬರೇ.

ಮಕ್ಕಳ ಹೃದಯಕ್ಕೆ ಆಪರೇಷನ್ ಮಾಡುವ ಡಾಕ್ಟರು ತಿಂಗಳಿಗೊಮ್ಮೆ ಮಾತ್ರ ಬೇರೆ ಊರಿನಿಂದ ಭಾಗೀರತಿಯನ್ನು ಸೇರಿಸಿದ್ದ ಆಸ್ಪತ್ರೆಗೆ ಬರುತ್ತಿದ್ದರು. ಆ ದಿನ ತಪ್ಪಿದರೆ ಮತ್ತೊಂದು ತಿಂಗಳು ಕಾಯಬೇಕು.

ಆಪರೇಷನ್ನಿನ ಹಿಂದಿನ ಸಂಜೆಯೇ ಸಿಸ್ಟರ್ ದ್ಯಾಮವ್ವನನ್ನು ಎಚ್ಚರಿಸಿದ್ದರು. "ರಾತ್ರಿ ಊಟಾದ ಮ್ಯಾಲೆ ಏನೂ ಕೊಡಬ್ಯಾಡ್ರಿ. ಹೊಟ್ಟ್ಯಾಗ ಏನರ ಇದ್ದು, ಮಂಪರಿನ್ಯಾಗ ವಾಂತಿ ಆದ್ರ, ಅದು ಉಸಿರಿನ ನಳಿಗ್ಯಾಗ ಹೋಗಿ ಜೀವಕ್ಕ ಕುತ್ತು."

ಬೆಳಿಗ್ಗೆ ಎದ್ದಾಗಿನಿಂದ ಭಾಗೀರತಿಯದು ಒಂದೇ ರಾಗ... "ಯವ್ವಾ, ಹಸಿವ್ಯಾಗೈತಿ. ಒಂದ ಬಿಸ್ಕೀಟು?"

"ಆಪರೇಷನ್ ಆಗಲಿ ಬಂಗಾರಾ. ಆಮ್ಯಾಲೆ ಇಡೀ ಅಂಗಡೀನ ತಿನ್ನುವಂತಿ."

ಸಿಸ್ಟರ್ ಆಪರೇಷನ್ ಥಿಯೇಟರಿನ ಕಡೆ ಹೋಗಿದ್ದರು. ಅದೇ ಹೊತ್ತಿಗೆ ಉದ್ಯಮಿ ಬಂದರು. ಜೊತೆಗೆ ಕಂಪನಿಯ ಫೋಟೋಗ್ರಾಫರ್. ಕೈಯಲ್ಲಿ ಪೇಡೆಯ ಪೊಟ್ಟಣ.

ಮಗುವಿನ ತಲೆ ಸವರುವಾಗ ಅವರ ಕಣ್ಣು ನಿಜವಾಗಿಯೂ ತೇವಗೊಂಡಿತ್ತು.

ಒಳ್ಳೆಯ ಕೆಲಸಕ್ಕೆ ಹೊರಡುವವರ ಬಾಯಿ ಸಿಹಿ ಮಾಡಿ ಕಳುಹಿಸುವುದು ಅವರ ಮನೆಯ ರೂಢಿ. ಪೊಟ್ಟಣ ಬಿಚ್ಚಿ ಒಂದು ಪೇಡೆ ತೆಗೆದರು...

"ಸರ್, ಹಂಗ ಬಾಯಾಗ ಇಡ್ರಿ. ಫೋಟೋ ಭಾಳ ಚಲೋ ಬರ್ತೈತಿ," ಎಂದ ಫೋಟೋಗ್ರಾಫರ್.

ದ್ಯಾಮವ್ವ ಒಂದು ಹೆಜ್ಜೆ ಮುಂದೆ ಬಂದಳು. "ಸಾಹೇಬ್ರ... ಅಕಿಗೆ..."

"ಯಕ್ಕಾ, ಸ್ವಲ್ಪ ನಗ್ರಿ! ಬಿಲ್ಲೆಲ್ಲಾ ನೀವ ಕಟ್ಟೋರಂಗ ಮಾರಿ ಮಾಡೀರಲ್ಲ!" ಫೋಟೋಗ್ರಾಫರ್ ನಡುವೆಯೇ ಬಾಯಿ ಹಾಕಿದ.

ಅಕ್ಕಪಕ್ಕದ ಮಂಚದವರು ನಕ್ಕರು. ಭಾಗೀರತಿ ತಾಯಿಯ ಮುಖ ನೋಡಿದಳು. ತಾಯಿಗೆ ಮಾತು ಹೊರಡಲಿಲ್ಲ...

ಹಸಿದ ಮಗು ಬಾಯಿ ತೆರೆಯಿತು.

ಉದ್ಯಮಿ ಫೋನಿನಲ್ಲಿ ಮಾತನಾಡುತ್ತ ವರಾಂಡಕ್ಕೆ ಹೋದರು. ಸಿಸ್ಟರ್ ಸ್ಟ್ರೆಚರ್ ತಂದರು. "ಏನೂ ಕೊಟ್ಟಿಲ್ಲಲ್ಲ?"

'ಇಲ್ಲ' ಎಂದರೆ ಆಪರೇಷನ್ ನಡೆದುಹೋಗುತ್ತದೆ. ಆದರೆ ಮಗಳ ಜೀವ...?

ದ್ಯಾಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ತಿಂದಾಳ್ರೀ..."

ಸ್ಟ್ರೆಚರ್ ಪಕ್ಕದ ಮಂಚದ ಮಗುವಿನ ಕಡೆಗೆ ಹೋಯಿತು. ಆ ದಿನದ ಸರದಿಯಲ್ಲಿ ಬೇರೆ ಜಾಗ ಉಳಿದಿರಲಿಲ್ಲ.

ಮಗು ಏನೋ ತಿಂದದ್ದರಿಂದ ಆಪರೇಷನ್ ರದ್ದಾಯಿತೆಂದು ವರಾಂಡದಲ್ಲಿ ಕೇಳಿದ ಉದ್ಯಮಿ ಕೆಂಡವಾಗಿ ಒಳಬಂದರು.

"ಒಂದ ಮುಂಜಾನಿ ಮಗೂನ ಉಪಾಸ ಇಡಾಕ ಆಗಲಿಲ್ಲೇನವಾ ನಿನಗ? ನಾವು ಎಷ್ಟ ಮಾಡಿದ್ರೇನು, ತಾಯಿಗೇ ಕಾಳಜಿ ಇಲ್ಲಂದ್ರ!"

ದ್ಯಾಮವ್ವ ತಲೆ ಎತ್ತಲಿಲ್ಲ.

ಭಾಗೀರತಿ ಅವರ ಅಂಗಿಯ ತೋಳು ಜಗ್ಗಿದಳು. "ನಮ್ಮವ್ವಗ ಬೈಬ್ಯಾಡ್ರೀ ಅಜ್ಜಾರ... ಅಕಿ ಏನೂ ಕೊಟ್ಟಿಲ್ಲ. ತಿನಿಸಿದ್ದು ನೀವ."

ಉದ್ಯಮಿಯ ಮುಖ ಬಿಳಿಚಿಕೊಂಡಿತು. ದ್ಯಾಮವ್ವನ ಕಡೆ ತಿರುಗಿ ಕೇಳಿದರು, "ಮತ್ತ... ನನಗ್ಯಾಕ ಹೇಳಲಿಲ್ಲ ತಂಗಿ?"

"ಮಗಳ ಜೀವಾ ಉಳಸಾಕ ಬಂದೋರ್ರೀ ನೀವು... ಕೊಡೂ ಕೈನ ನಾ ಹೆಂಗ ತಡೀಲ್ರೀ?"

ಅವರು ಯಾರ‍್ಯಾರಿಗೋ ಫೋನ್ ಮಾಡಿದರು, ಬೇಡಿಕೊಂಡರು. ಮುಂದಿನ ತಿಂಗಳು ಮೊದಲ ಸರದಿ ಭಾಗೀರತಿಯದೇ ಎಂಬ ಭರವಸೆ ಸಿಕ್ಕಿತು. ಅಷ್ಟೇ ಸಿಕ್ಕಿತು.

ಆದರೆ ಅಷ್ಟರಲ್ಲಿ ಮಳೆ ಹಿಡಿಯಿತು. ಭಾಗೀರತಿಗೆ ಮೊದಲು ಕೆಮ್ಮು... ನಂತರ ನ್ಯುಮೋನಿಯಾ. ಗಟ್ಟಿ ಹೃದಯವಿದ್ದ ಮಗುವಾಗಿದ್ದರೆ ತಡೆದುಕೊಳ್ಳುತ್ತಿತ್ತೇನೋ. ಭಾಗೀರತಿ ಉಳಿಯಲಿಲ್ಲ.

ಡಾಕ್ಟರು ಮತ್ತೆ ಬಂದಾಗ ಅವಳಿದ್ದ ಮಂಚದ ಮೇಲೆ ಬೇರೆ ಮಗುವಿತ್ತು.

ಉದ್ಯಮಿ ಒಬ್ಬರೇ ದ್ಯಾಮವ್ವನ ಮನೆ ಹುಡುಕಿಕೊಂಡು ಹೋದರು. ಆಕೆ ಚಾಪೆ ಹಾಸಿದಳು, ನೀರು ತಂದಿಟ್ಟಳು.

ಆಕೆಯೇ ಮೊದಲು ಹೇಳಿದಳು...

"ನಿಮ್ಮ ಮ್ಯಾಲೆ ಸಿಟ್ಟಿಲ್ರಿ. ನೀವು ಗೊತ್ತಿಲ್ದ ಕೊಟ್ರಿ. ನಾ ಗೊತ್ತಿದ್ದೂ ಸುಮ್ಮನಿದ್ದೆ... ಅದಾ ನನ್ನ ಸುಡಾಕತ್ತೈತಿ."

ತಪ್ಪನ್ನೂ ಆ ತಾಯಿ ತನ್ನ ತಲೆಯ ಮೇಲೆಯೇ ಹೊತ್ತುಕೊಂಡಿದ್ದಳು. ಅವರು 'ಇಲ್ಲ, ಇಲ್ಲ' ಎಂದು ತಲೆಯಾಡಿಸಿದರು.

"ಕೊಡೂದ ಮಾತ್ರ ಬಿಡಬ್ಯಾಡ್ರಿ ಸಾಹೇಬ್ರ. ಬ್ಯಾರೆ ಕೂಸಿಗೆ ಕೊಡ್ರಿ. ಆದ್ರ ಕೊಡೂಕಿಂತ ಮೊದಲ, ಅದರ ಅವ್ವನ್ನ ಒಂದ ಮಾತು ಕೇಳ್ರಿ..."

ಇಷ್ಟು ಹೇಳಿ ಆಕೆ ಎದ್ದಳು. ಖಾನಾವಳಿಗೆ ಹೊತ್ತಾಗಿತ್ತು.

ಅವರು ಆ ಚಾಪೆಯ ಮೇಲೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕುಳಿತೇ ಇದ್ದರು.

ಪಡೆಯುವವರಿಗೆ ನಿರ್ಭಯವಾಗಿ 'ಬೇಡ' ಎನ್ನಲು ಅವಕಾಶವಿದ್ದಾಗ ಮಾತ್ರ, ಕೊಟ್ಟದ್ದು ನಿಜವಾದ ಸಹಾಯವಾಗುತ್ತದೆ.

ನಾವು ನೆರವಿನ ಕೈ ಚಾಚಿದಾಗ, ಎದುರಿಗಿರುವವರು ನಮ್ಮನ್ನು ತಡೆಯಬಲ್ಲರೇ? ಅಥವಾ ನಮ್ಮ ಒಳ್ಳೆಯತನಕ್ಕೆ ಹೆದರಿ ಸುಮ್ಮನಿರುತ್ತಾರೆಯೇ...?